ಹಿಡಿಯುವ ಕೈ

ಮಳವಳ್ಳಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ನಾನು ಹೊಸದಾಗಿ ಸೇರಿದ ದಿನ ಅಲ್ಲಿನ ಹೊಲಿಗೆ ಟೀಚರು ನನ್ನ ಜೊತೆ ಆಡಿದ ಮೊದಲ ಮಾತು, "ನಿಮ್ಮ ರವಿಕೆ ಹೊಲಿದವರು ಯಾರು?" ಅಂತ. ನಾನು ಬಾಯಿ ತೆರೆಯುವುದರೊಳಗೆ, ಯಾರಾದರೂ ಆಗಲಿ, ತೋಳನ್ನು ತಪ್ಪು ಕೂರಿಸಿದ್ದಾರೆ, ನಾಳೆ ತಂದುಕೊಡಿ ಅಂದರು. ತಂದುಕೊಟ್ಟೆ. ಬಿಚ್ಚಿ ಹೊಲಿದು ವಾಪಸು ಕೊಟ್ಟರು. ಅದನ್ನು ತೊಟ್ಟು ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎಲ್ಲೂ ಎಳೆಯಲಿಲ್ಲ, ಪಿಸಿಯಲಿಲ್ಲ. ನಾನು ಥ್ಯಾಂಕ್ಸ್ ಹೇಳಹೋದರೆ ಅವರಿಗೆ ಅದು ಬೇಕಾಗಿರಲಿಲ್ಲ. "ಮೈ ಹೇಗೆ ಮಡಿಚುತ್ತೋ ಬಟ್ಟೆ ಹಾಗೆ ಮಡಿಚಬೇಕು. ಅಷ್ಟೇ ಹೊಲಿಗೆ," ಅಂದು ಕ್ಲಾಸಿಗೆ ಹೋದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿನವರು ಅವರ ಹೆಸರನ್ನು ಒಂದು ಕಾಲದಲ್ಲಿ ಬೇಕಾದಷ್ಟು ಬಾಯಲ್ಲಿ ಹಾಕಿಕೊಂಡು ಜಗಿದಿದ್ದಾರೆ. ಮಕ್ಕಳು ಅವರನ್ನು ಹೊಲಿಗೆ ಟೀಚರಮ್ಮ ಅನ್ನುತ್ತಿದ್ದರು. ನಾನು ಅಕ್ಕ ಅನ್ನುತ್ತಿದ್ದೆ. ಬೆಳಕವಾಡಿಯ ಕಡೆಯ ಶಾನುಭೋಗರ ಮನೆತನ. ಹದಿಹರೆಯದಲ್ಲೇ ಗಂಡ ಹೋದ. ಕೂದಲು ತೆಗೆಸುವ ಮಾತು ಬಂದಾಗ ಅಟ್ಟ ಹತ್ತಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡು ಕೂತಿದ್ದರಂತೆ. ಕೊನೆಗೆ ಅಣ್ಣನೇ ಸೋತು, ಇಳಿದು ಬಾ ಓದಿಸ್ತೀನಿ ಅಂದರಂತೆ. ಹಾಗೆ ಮೈಸೂರಿನಲ್ಲಿ ಹೊಲಿಗೆ ಟ್ರೇನಿಂಗ್ ಮುಗಿಸಿ ಬಂದವರು. ಈ ಕತೆಯನ್ನು ಅವರು ನಗುತ್ತ ಹೇಳುತ್ತಿದ್ದರು. ಅಣ್ಣನ ಬಗ್ಗೆ ಹೇಳುವಾಗ ಮಾತ್ರ ದನಿ ಸ್ವಲ್ಪ ಇಳಿಯುತ್ತಿತ್ತು. ಅವರಿಗೆ ಈ ಲೋಕದಲ್ಲಿ ಪ್ರಾಣದಷ್ಟು ಬೇಕಾದವರು ಇಬ್ಬರೇ: ಆ ಅಣ್ಣ, ಮತ್ತೆ ಅಣ್ಣನ ಮಗಳು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹಿಂದುಗಡೆ ಒಲೆ ಕಟ್ಟಿಕೊಂಡು, ಕೆಮ್ಮುತ್ತ, ಏರು ಬಂದರೆ ನಿಂತುಬಿಡುತ್ತ. ಅಕ್ಕ ಒಂದು ಹಬ್ಬಕ್ಕೆ ಬೆಳಕವಾಡಿಗೆ ಹೊರಟಿದ್ದರು. ಕಿಟಕಿಯ ಪಕ್ಕದ ಸೀಟು. ಸೆಖೆ ಅಂತ ಬಲಗೈಯನ್ನು ಮೊಣಕೈವರೆಗೆ ಹೊರಗೆ ಚಾಚಿ ಕೂತಿದ್ದಾರೆ. ಇಕ್ಕಟ್ಟಾದ ಸೇತುವೆಯೊಂದರ ಮೇಲೆ ಎದುರಿನಿಂದ ಕಬ್ಬು ಹೇರಿದ ಗಾಡಿ. ಎತ್ತು ಬೆದರಿ ಗಾಡಿ ಅಡ್ಡ ತಿರುಗಿತು. ಗಾಡಿಯ ಅಡ್ಡಮರಕ್ಕೂ ಬಸ್ಸಿನ ತಗಡಿಗೂ ನಡುವೆ ಅವರ ಕೈ ಸಿಕ್ಕಿಕೊಂಡಿತು. ಮಂಡ್ಯದ ಆಸ್ಪತ್ರೆಯಲ್ಲಿ ಮೊಣಕೈಯ ಕೆಳಗೆ ನಾಲ್ಕು ಬೆರಳಗಲ ಉಳಿಸಿ ಉಳಿದದ್ದನ್ನು ತೆಗೆದರು.

ನಾನು ನೋಡಲು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾನು ಅತ್ತೆ. ಅವರು ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಇಲ್ಲದ ಹೆಬ್ಬೆರಳು ಉರಿಯುತ್ತಿದೆ, ಅದನ್ನು ಎಲ್ಲಿ ಅಂತ ಉಜ್ಜಲಿ ಅಂತ ಕೇಳಿದರು. 

ಸ್ಕೂಲಿನ ಸಮಿತಿಯವರು ಆಗ ಬಹಳ ಒಳ್ಳೆಯವರಾಗಿ ನಡೆದುಕೊಂಡರು ಅನ್ನಬೇಕು. ರಜ ಕೊಟ್ಟರು. ಕೆಲಸ ಎಲ್ಲೂ ಹೋಗುವುದಿಲ್ಲ, ಕೂತು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು ಅಂತ ಹೇಳಿ ಕಳಿಸಿದರು. ಆಸ್ಪತ್ರೆಯ ಡಾಕ್ಟರು ಮರದ ಕೆತ್ತನೆಯವರಿಂದ ಒಂದು ಕೈ ಮಾಡಿಸಿಕೊಟ್ಟರು. ಎಷ್ಟು ಚೆಂದದ ಕೈ ಅದು! ಉಗುರು, ಗೆಣ್ಣು, ಅಂಗೈಯ ಗೆರೆ ಸಹ ಇತ್ತು. ಮೈಬಣ್ಣಕ್ಕೆ ಸರಿಯಾಗಿ ಬಣ್ಣ ಬಳಿದಿದ್ದರು. ಸೆರಗಿನ ಅಂಚಿನಲ್ಲಿ ಅದು ಇಣುಕಿದರೆ ಗೊತ್ತೇ ಆಗುತ್ತಿರಲಿಲ್ಲ. ಮನೆಗೆ ಬಂದವರೆಲ್ಲ ಹೊಗಳಿದರು. ಅಣ್ಣನಂತೂ, ದೇವರು ಕೊಟ್ಟ ಹಾಗೇ ಇದೆ ಅಂತ ಕಣ್ಣೊರೆಸಿಕೊಂಡರು.

ಅಕ್ಕ ಅದನ್ನು ಒಂದು ವಾರ ಕಟ್ಟಿಕೊಂಡರು. ಆಮೇಲೆ ಕ್ಲಾಸಿಗೆ ತಂದು ಮೇಜಿನ ಮೇಲೆ ನಿಲ್ಲಿಸಿ, ಅದರ ಬೆರಳಿಗೆಲ್ಲ ದಾರದ ಉಂಡೆ ಸಿಕ್ಕಿಸಿದರು. ಮಕ್ಕಳು ಕೆಂಪು ದಾರ ತೋರುಬೆರಳಲ್ಲಿ, ಹಸಿರು ದಾರ ಕಿರುಬೆರಳಲ್ಲಿ ಅಂತ ಹುಡುಕಿ ತೆಗೆಯುತ್ತಿದ್ದರು. ಯಾಕಕ್ಕ ಹೀಗೆ ಅಂತ ನಾನು ಕೇಳಿದ್ದಕ್ಕೆ ಅವರು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ.

"ಅದು ನೋಡೋರಿಗೆ ಕೈ. ನನಗೆ ಕೈ ಅಲ್ಲ. ಏನನ್ನೂ ಹಿಡಿಯೋದಿಲ್ಲ ಅದು."

ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಸಾಬರ ಅಂಗಡಿ ಇತ್ತು. ಹೊಲಿಗೆ ಮಿಷನ್ನು, ಗಡಿಯಾರ, ಗ್ರಾಮಫೋನು, ಸೈಕಲ್ಲು, ಏನು ತಂದರೂ ರಿಪೇರಿ ಮಾಡುತ್ತಿದ್ದರು. ಸ್ಕೂಲಿನ ಹೊಲಿಗೆ ಮಿಷನ್ನುಗಳಿಗೂ ಅವರೇ. ಅಂಗಡಿಯ ಹಿಂದೆಯೇ ಮನೆ. ಒಂದು ಭಾನುವಾರ ಅಕ್ಕ ನನ್ನನ್ನು ಜೊತೆ ಮಾಡಿಕೊಂಡು ಅಲ್ಲಿಗೆ ಹೋದರು. ಮಿಷನ್ನು ತಂದಿಲ್ಲವಲ್ಲ ಟೀಚರಮ್ಮ, ಏನಾಗಿದೆ ಅಂತ ಸಾಬರು ಕೇಳಿದರು. ಅಕ್ಕ ಸೆರಗು ಸರಿಸಿ ಮೊಂಡುಗೈಯನ್ನು ಅವರ ಬೆಂಚಿನ ಮೇಲೆ ಇಟ್ಟು, ಇದಕ್ಕೆ ಬೇಕು ಅಂದರು.

ಸಾಬರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಆಮೇಲೆ, ತಾನು ಮಾಡಿದ್ದೆಲ್ಲ ಸತ್ತ ಸಾಮಾನು, ಇದು ಬದುಕಿರೋ ಮೈ, ತನ್ನಿಂದ ಆಗುತ್ತೋ ಇಲ್ಲವೋ ಅಂತ ನಿಜವನ್ನೇ ಹೇಳಿದರು. ಆಗದಿದ್ದರೆ ಇಬ್ಬರಿಗೂ ಆಗಲಿಲ್ಲ ಅಂತ ಅಂದುಕೊಳ್ಳೋಣ ಅಂದರು ಅಕ್ಕ.

ಮೊದಲ ಕೈ ಕೆಟ್ಟಿತು. ಸಾಬರು ತಮ್ಮ ಕೈಯನ್ನೇ ನೋಡಿಕೊಂಡು ಐದು ಬೆರಳು, ಬೆರಳಿಗೆ ಮೂರು ಕೀಲು, ಅಂತ ತಗಡಿನಲ್ಲಿ ಮಾಡಿದ್ದರು. ನೋಡಲು ಅಸ್ಥಿಪಂಜರದ ಕೈ. ತಂತಿ ಎಳೆದರೆ ಐದೂ ಬೆರಳು ಐದು ಕಡೆ ಹೋಗುತ್ತಿದ್ದವು. ಮೇಲಾಗಿ ತಂತಿಯನ್ನು ಎಡಗೈಯಿಂದ ಎಳೆಯಬೇಕು. ಇದೊಂದು ಕೈ ಕೆಲಸ ಮಾಡೋದಕ್ಕೆ ಇನ್ನೊಂದು ಕೈ ಪೂರ್ತಿ ಬೇಕಲ್ಲ ಸಾಬರೇ ಅಂತ ಅಕ್ಕ ನಕ್ಕರು. ಬಸ್ಸಿನಲ್ಲಿ ವಾಪಸು ಬರುವಾಗ ಆ ನಗು ಇರಲಿಲ್ಲ. ಮಳವಳ್ಳಿ ಬರುವವರೆಗೂ ಹೊರಗೆ ನೋಡುತ್ತ ಕೂತಿದ್ದರು.

ದಾರಿ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಹಿತ್ತಲಲ್ಲಿ. ಇನ್ನೊಂದು ಭಾನುವಾರ ಸಾಬರು ಯಾವುದೋ ಗ್ರಾಮಫೋನಿನ ಕೆಲಸದಲ್ಲಿದ್ದರು. ಅವರ ಹೆಂಡತಿ ನಮ್ಮನ್ನು ಹಿತ್ತಲಿಗೆ ಕರೆದು ಚಾಪೆ ಹಾಕಿದರು. ಬಹಳ ತಮಾಷೆಯ ಹೆಂಗಸು. ಅಂದು ಅವರ ಮನೆಗೆ ನೆಂಟರು ಬರುವವರಿದ್ದರು, ಕೋಳಿ ಹೆಚ್ಚುತ್ತ ಕೂತಿದ್ದರು. ನಾನು ಮುಖ ತಿರುಗಿಸಿದ್ದನ್ನು ಕಂಡು, ಕೋಳಿಯ ಒಂದು ಕಾಲನ್ನು ನನ್ನ ಹತ್ತಿರ ಹಿಡಿದು ಅದರ ಒಳಗಿನ ಬಿಳೀ ನರವನ್ನು ಎಳೆದರು. ಉಗುರುಗಳು ಕಚಕ್ಕನೆ ಮುಚ್ಚಿಕೊಂಡವು. ನಾನು ಕಿರುಚಿ ಎದ್ದು ನಿಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಕ್ಕ ನಗಲಿಲ್ಲ. ಎಡಗೈ ಚಾಚಿ, "ಕೊಡಿ ಇಲ್ಲಿ," ಅಂದರು.

ಸಾಬರ ಹೆಂಡತಿಯ ನಗು ನಿಂತುಹೋಯಿತು. ನಿಮಗೆ ಮೈಲಿಗೆ ಆಗಲ್ವಾ ಅಕ್ಕಾ ಅಂದರು. ಅಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊಟ್ಟರು. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ನರ ಎಳೆದರು, ಬಿಟ್ಟರು, ಎಳೆದರು. ಬದುಕಿದ್ದಾಗ ಇದನ್ನು ಎಳೆಯುವವರು ಯಾರು, ಈ ನರ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ಆಗ ಆ ಹೆಂಗಸು ಇನ್ನೂ ಹೆಚ್ಚದ ಇಡೀ ಕಾಲೊಂದನ್ನು ತೆಗೆದು, ಅದನ್ನು ಕೀಲಿನಲ್ಲಿ ಸುಮ್ಮನೆ ಮಡಿಸಿದರು. ನರ ಮುಟ್ಟಲೇ ಇಲ್ಲ. ಬೆರಳು ತಾನಾಗಿ ಮುಚ್ಚಿಕೊಂಡಿತು.

"ನೋಡಕ್ಕಾ, ಕೋಳಿ ಕೋಲಿನ ಮೇಲೆ ಕೂತ್ಕಂಡೇ ಮಲಗ್ತದೆ. ಬೀಳಾಕಿಲ್ಲ. ಕಾಲು ಮಡಿಸ್ತು ಅಂದ್ರೆ ಬೆರಳು ಬಿಗಿ ಆಗ್ತದೆ."

ಅಕ್ಕ ತಮ್ಮ ಬಲ ಮೊಣಕೈಯನ್ನು ನೋಡಿಕೊಂಡರು. ಮಡಿಸಿದರು. ಬಿಡಿಸಿದರು. "ನನಗೆ ಇದು ಉಳಿದಿದೆಯಲ್ಲ," ಅಂದರು. ಆ ಸಂಜೆ ಕೋಳಿಗಳು ಒಂದೊಂದಾಗಿ ಹಿತ್ತಲಿನ ಅಡ್ಡಕೋಲಿಗೆ ಹಾರಿ ಕೂರುವವರೆಗೂ ನಾವು ಅಲ್ಲೇ ಇದ್ದೆವು. ಕೊನೆಯ ಬಸ್ಸು ತಪ್ಪೀತು ಅಂತ ನಾನು ಎಬ್ಬಿಸಿಕೊಂಡು ಬರಬೇಕಾಯಿತು.

ಎರಡನೆಯ ಕೈಯಲ್ಲಿ ಐದು ಬೆರಳಿರಲಿಲ್ಲ, ಮೂರೇ. ಎರಡು ಮುಂದೆ, ಎದುರಿಗೆ ಒಂದು ಹೆಬ್ಬೆರಳು. ಮೊಂಡುಗೈಗೆ ಚರ್ಮದ ಗವಸು, ಮೊಣಕೈಯ ಮೇಲೆ ತೋಳಿಗೆ ಇನ್ನೊಂದು ಚರ್ಮದ ಪಟ್ಟಿ. ಆ ಪಟ್ಟಿಯಿಂದ ಹೊರಟ ತಂತಿ ಮೊಣಕೈಯ ಹಿಂಬದಿಯಲ್ಲಿ ಹಾದು ಬೆರಳಿಗೆ ಬರುತ್ತಿತ್ತು. ಮೊಣಕೈ ಮಡಿಸಿದರೆ ಬೆರಳು ಮುಚ್ಚಬೇಕು, ಚಾಚಿದರೆ ಸ್ಪ್ರಿಂಗು ಬಿಡಿಸಬೇಕು. ವೀಣೆಯ ತಂತಿ ಹಾಕಿದರು, ತುಂಡಾಯಿತು. ಕೆಟ್ಟು ಬಿದ್ದಿದ್ದ ಮೋಟಾರ್ ಸೈಕಲ್ಲಿನ ಕ್ಲಚ್ಚಿನ ತಂತಿ ಹಾಕಿದರು, ನಿಂತಿತು. ಹಿಡಿದ ಬಟ್ಟೆ ಮಾತ್ರ ಜಾರುತ್ತಿತ್ತು. ಅಕ್ಕ ತಮ್ಮ ಎಡಗೈಯ ಬೆರಳ ತುದಿಯನ್ನು ಒತ್ತಿ ನೋಡಿಕೊಂಡು, ಸಾಬರೇ ನೀವು ಮೂಳೆ ಮಾಡಿದಿರಿ, ನರ ಮಾಡಿದಿರಿ, ಮಾಂಸ ಮಾಡಲಿಲ್ಲ ಅಂದರು. ಸಾಬರ ಹೆಂಡತಿ ಮೆತ್ತನೆಯ ಆಡಿನ ಚರ್ಮದೊಳಗೆ ಹತ್ತಿ ತುಂಬಿ ಮೂರು ಬೆರಳಿಗೂ ಸಣ್ಣ ದಿಂಬು ಹೊಲಿದರು.

ಅಕ್ಕ ಅಂಗಡಿಯಲ್ಲಿ ಕೂತು ಆ ಕೈಯಿಂದ ಬಟ್ಟೆ ಹಿಡಿದು, ಎಡಗೈಯಿಂದ ಕತ್ತರಿ ಹಾಕಿದರು. ಗೆರೆ ನೇರವಾಗಿ ಬಂತು. ಸಾಬರು ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. 

ಸುಖದ ಕತೆ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಚರ್ಮ ನಾರುತ್ತಿತ್ತು. ಮೊಂಡುಗೈ ಹುಣ್ಣಾಗಿ ಎಷ್ಟೋ ದಿನ ಕಟ್ಟಿಕೊಳ್ಳಲಾಗದೆ ಒದ್ದಾಡುತ್ತಿದ್ದರು. ಒಮ್ಮೆ ನನ್ನೆದುರಿಗೇ ಬಿಚ್ಚಿ ಗೋಡೆಗೆ ಎಸೆದರು. ಸ್ವಲ್ಪ ಹೊತ್ತಿಗೆ ತಾವೇ ಎದ್ದು ಹೋಗಿ ತಂದು ಎಣ್ಣೆ ಹಾಕಿದರು.

ಕೋಳಿಕಾಲಿನ ಸುದ್ದಿ ಮಾತ್ರ ನಮಗಿಂತ ಮೊದಲೇ ಮಳವಳ್ಳಿ ಮುಟ್ಟಿತ್ತು. ಅಂದು ಗ್ರಾಮಫೋನು ರಿಪೇರಿಗೆ ಕೊಟ್ಟು ಅಂಗಡಿಯಲ್ಲಿ ಕಾಯುತ್ತಿದ್ದವರು ನಮ್ಮೂರಿನ ಒಬ್ಬ ಜವಳಿ ವ್ಯಾಪಾರಿ. ಅಂಗಡಿಯಿಂದ ಹಿತ್ತಲ ಬಾಗಿಲು ನೇರಕ್ಕೆ ಕಾಣುತ್ತಿತ್ತು. ವಿಧವೆ, ಸಾಬರ ಮನೆ, ಮಡಿಲಲ್ಲಿ ಕೋಳಿಕಾಲು. ಇನ್ನೇನು ಬೇಕು? ಅಕ್ಕ ಹೊಸ ಕೈ ತೊಟ್ಟುಕೊಂಡು ಸ್ಕೂಲಿಗೆ ಬಂದ ವಾರವೇ ಸಮಿತಿ ಸೇರಿತು. ಜೊತೆಗಿದ್ದವಳು ಅಂತ ನನ್ನನ್ನೂ ಕರೆಸಿದರು.

ಸಮಿತಿಯ ಅಧ್ಯಕ್ಷರು ರೈಸ್ ಮಿಲ್ಲಿನ ಒಡೆಯರು. ಕೆಟ್ಟವರಲ್ಲ, ಮೆತ್ತಗೇ ಮಾತಾಡಿದರು. ಮಾಂಸ ಮುಟ್ಟಿದ್ದು ನಿಜವೇ ಅಂತ ಕೇಳಿದರು. ಅಕ್ಕ, ನಿಜ ಅಂದರು. ಮಕ್ಕಳು ಈ ಕಬ್ಬಿಣ ನೋಡಿ ಹೆದರುತ್ತಾರೆ ಅಂದರು ಅಧ್ಯಕ್ಷರು. ಹೆದರಿದ ಒಂದು ಮಗುವನ್ನು ಕರೆಸಿ, ನಾನೇ ಕೇಳ್ತೀನಿ ಅಂದರು ಅಕ್ಕ. ಯಾರೂ ಕರೆಸಲಿಲ್ಲ. ನಿಜಕ್ಕೆ ಮಕ್ಕಳು ಆ ಕೈಯನ್ನು ಮುಟ್ಟಲು ಸರದಿ ನಿಲ್ಲುತ್ತಿದ್ದರು.

ಆಮೇಲೆ ಅಧ್ಯಕ್ಷರು ತಮ್ಮ ರಾಜಿ ಹೇಳಿದರು. ಒಂದು ಪ್ರಾಯಶ್ಚಿತ್ತ ಮಾಡಿಸಿಕೊಳ್ಳಲಿ. ಸಾಬರ ಅಂಗಡಿಗೆ ಇನ್ನು ಹೋಗಕೂಡದು. ಡಾಕ್ಟರು ಕೊಡಿಸಿದ ಮರದ ಕೈ ಇದೆಯಲ್ಲ, ಅದನ್ನು ಕಟ್ಟಿಕೊಂಡು ಸೆರಗು ಹೊದ್ದು ಗೌರವವಾಗಿ ಬರಲಿ. ಕೆಲಸಕ್ಕೆ ಏನೂ ತೊಂದರೆ ಇಲ್ಲ.

ನಾನು ಮನಸ್ಸಿನಲ್ಲೇ ಒಪ್ಪಿಕೊಳ್ಳಿ ಅಕ್ಕ ಅಂತ ಬೇಡಿಕೊಳ್ಳುತ್ತಿದ್ದೆ. ಒಪ್ಪದಿದ್ದರೆ ಅಣ್ಣನ ಮನೆ ಬಾಗಿಲೂ ಮುಚ್ಚುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಎದ್ದು ನಿಂತರು. ಬಲಗೈಯನ್ನು ಮುಚ್ಚಿಕೊಳ್ಳಲಿಲ್ಲ.

"ಮರದ ಕೈ ಕ್ಲಾಸಿನಲ್ಲೇ ಇದೆ. ಬೇಕಾದರೆ ಅದನ್ನೇ ಕೆಲಸಕ್ಕೆ ಇಟ್ಟುಕೊಳ್ಳಿ, ಬಹಳ ಗೌರವವಾಗಿ ಇರುತ್ತೆ. ನಾನು ರಾಜೀನಾಮೆ ಕೊಡೋದಿಲ್ಲ. ತೆಗೀಬೇಕು ಅಂದರೆ ನೀವೇ ತೆಗೆದು ಕಾರಣ ಬರೀರಿ. ಕೈ ಇಲ್ಲದಾಗ ಇಟ್ಟುಕೊಂಡಿದ್ವಿ, ಕೈ ಬಂದ ಮೇಲೆ ತೆಗೆದ್ವಿ ಅಂತ."

 ಅಧ್ಯಕ್ಷರು ತಲೆ ತಗ್ಗಿಸಿದರು. ಆದರೆ ತೆಗೆದರು. ಕಾರಣ ಏನು ಬರೆದರೋ ನನಗೆ ತಿಳಿಯದು.

ಮರುದಿನವೇ ಅಣ್ಣ ಬೆಳಕವಾಡಿಯಿಂದ ಬಂದರು. ಜಗಳ ಆಡಲಿಲ್ಲ. ಮಗಳು ದೊಡ್ಡವಳಾಗುತ್ತಿದ್ದಾಳೆ, ನಾಳೆ ಅವಳ ಮದುವೆ ಮಾಡಬೇಕು, ಇನ್ನು ನಮ್ಮ ಕಡೆ ಬರಬೇಡ ಅಂತ ನಿಂತಲ್ಲೇ ಹೇಳಿ ನಿಂತಲ್ಲಿಂದಲೇ ಹೋದರು. ನೀರು ಸಹ ಕುಡಿಯಲಿಲ್ಲ. ಆ ದಿನ ಅಕ್ಕ ಸ್ನಾನದ ಮನೆಯಲ್ಲಿ ಬಹಳ ಹೊತ್ತು ಇದ್ದರು. ಹೊರಗೆ ಬಂದಾಗ ಕಣ್ಣು ಊದಿತ್ತು. ಗಂಟು ಕಟ್ಟಲು ಒಂದು ಹಗ್ಗ ಕೊಡು ಅಂದರು.

ಮದ್ದೂರಿನಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಒಂದು ಕೋಣೆ ಹಿಡಿದು ಹೊಲಿಗೆ ಕ್ಲಾಸು ಶುರುಮಾಡಿದರು. ಮೊದಮೊದಲು ಯಾರೂ ಬರಲಿಲ್ಲ. ಅಕ್ಕ ಮಿಷನ್ನನ್ನು ಒಳಗಿಡದೆ ಜಗುಲಿಯ ಮೇಲೇ ಹಾಕಿಕೊಂಡು, ಬಸ್ಸಿಗೆ ಕಾಯುವವರೆಲ್ಲ ನೋಡುವ ಹಾಗೆ ಹೊಲಿಯುತ್ತ ಕೂರುತ್ತಿದ್ದರು. ಒಳಗೆ ಕೂರಬಾರದೇ ಅಕ್ಕ ಅಂತ ಒಂದು ಭಾನುವಾರ ಹೋದಾಗ ನಾನು ಹೇಳಿದೆ. ನೋಡೋರಿಗೆ ನೋಡಿ ನೋಡಿ ಬೇಜಾರಾಗಬೇಕು, ಅಲ್ಲಿವರೆಗೂ ನೋಡಲಿ ಅಂದರು. ಹಾಗೇ ಆಯಿತು. ಮೊದಲು ಸಾಬರ ಕಡೆಯ ಹೆಣ್ಣುಮಕ್ಕಳು ಬಂದರು. ಆಮೇಲೆ ಸ್ಟೇಷನ್ನಿನವರ ಮಕ್ಕಳು, ಕೊಪ್ಪದಿಂದ ಇಬ್ಬರು ಒಕ್ಕಲಗಿತ್ತಿಯರು. ರವಿಕೆಯ ತೋಳು ಸರಿಯಾಗಿ ಕೂತರೆ ಜನ ಎಷ್ಟೋ ಮರೆಯುತ್ತಾರೆ.

ಅಕ್ಕನ ಕೈಯ ಸುದ್ದಿ ಕೇಳಿ ಆತಗೂರಿನಿಂದ ಒಬ್ಬ ರೈತ ಬಂದಿದ್ದ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಅಂಗೈ ಹೋಗಿತ್ತು. ಕಂಬಳಿಯೊಳಗೆ ಮುಚ್ಚಿಕೊಂಡೇ ಕೂತು, ಅಕ್ಕನ ಕೈ ನೋಡಿ ತಲೆ ಆಡಿಸಿದ.

"ಇಂಥದ್ದು ಬ್ಯಾಡ ಕಣಮ್ಮ. ಮಗಳ ಮದ್ವೆ ಅದೆ. ಕೈ ಇದ್ದಂಗೆ ಕಾಣಂಗಿದ್ರೆ ಸಾಕು."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ನೇಗಿಲು ಯಾರು ಹಿಡೀತಾರೆ, ನಿನ್ನ ಬೀಗರಾ ಅಂತ ಗದರಿಸಿದರು. ಆತ ಸುಮ್ಮನೆ ಎದ್ದು ಹೊರಟ. ಆಗ ಜಗುಲಿಯ ಮೂಲೆಯಲ್ಲಿ ಕೂತಿದ್ದ ಸಾಬರ ಹೆಂಡತಿ ಅಕ್ಕನ ಕಡೆ ತಿರುಗಿ, ನಿಮಗೆ ಬೇಕಾದ ಕೈ ನೀವು ಕೇಳಿದ್ರಿ, ಅವರಿಗೆ ಬೇಕಾದ್ದು ಅವರು ಕೇಳಬಾರದಾ ಅಂದರು. ಅಕ್ಕ ಬಾಯಿ ಮುಚ್ಚಿದರು. ಅಂಥದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಬಸ್ಸಿನವರೆಗೂ ಹೋಗಿ ಆತನನ್ನು ಕರೆತಂದರು. ಮದುವೆಗೆ ಒಂದು, ನೇಗಿಲಿಗೆ ಒಂದು, ಎರಡು ಕೈ ಮಾಡಿಸಿಕೊಟ್ಟರು. ಮದುವೆ ಮುಗಿದ ಮೇಲೆ ಆತ ಒಂದು ಹೊರೆ ಕಬ್ಬನ್ನು ನೇಗಿಲಿನ ಕೈಯಲ್ಲಿ ಹಿಡಿದು ಹೊತ್ತು ತಂದು ಜಗುಲಿಯ ಮೇಲೆ ಹಾಕಿ ಹೋದ.

ಸ್ವಾತಂತ್ರ್ಯ ಬಂದ ವರ್ಷ ಅಣ್ಣನ ಮಗಳ ಮದುವೆ ಆಯಿತು. ಮಂಡ್ಯದ ಹುಡುಗ. ಅಕ್ಕನಿಗೆ ಕರೆ ಬರಲಿಲ್ಲ. ಯಾರೋ ಹೇಳಿ ತಿಳಿಯಿತು. ತಿಳಿದ ದಿನ ಅಕ್ಕ ಹೊಲಿಯುತ್ತಲೇ ಇದ್ದರು. ಮದುವೆ ಮುಗಿದು ಹೆಣ್ಣಿನ ದಿಬ್ಬಣ ಮಂಡ್ಯಕ್ಕೆ ಹೊರಟ ದಿನ ನಾನು ಮದ್ದೂರಿನಲ್ಲೇ ಇದ್ದೆ, ಅಕ್ಕನ ಜಗುಲಿಯ ಮೇಲೆ. ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಮದುಮಗಳೂ ಇದ್ದಳು. ಕೆಂಪು ಸೀರೆ, ಅರಿಸಿನ ಇನ್ನೂ ಆರದ ಮುಖ. ನೇರ ರಸ್ತೆ ದಾಟಿ ಬಂದು ಅಕ್ಕನ ಕಾಲಿಗೆ ಬಿದ್ದಳು. ಹಿಂದೆ ಅವಳ ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದರು.

ಹುಡುಗಿ ಮಡಿಲಿನಿಂದ ಕಾಗದದಲ್ಲಿ ಸುತ್ತಿದ್ದ ಹಸಿರು ಗಾಜಿನ ಬಳೆಗಳನ್ನು ತೆಗೆದಳು. ತನ್ನ ಎಡಗೈ ಮುಂದಕ್ಕೆ ಚಾಚಿ, "ಅತ್ತೆ, ಇದನ್ನ ನೀವೇ ತೊಡಿಸಬೇಕು," ಅಂದಳು.

ವಿಧವೆ ಮದುಮಗಳಿಗೆ ಬಳೆ ತೊಡಿಸುವುದೇ? ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ದಿಬ್ಬಣದ ಹೆಂಗಸರು ಕಿಟಕಿಯಿಂದ ಬಗ್ಗಿದರು. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಎಡಗೈಯಿಂದ ಹುಡುಗಿಯ ಅಂಗೈಯನ್ನು ಒತ್ತಿ ಸಣ್ಣದು ಮಾಡಿ, ಬಳೆಯನ್ನು ಬಲಗೈಯ ಬೆರಳಲ್ಲಿ ಹಿಡಿದು ಮೊಣಕೈ ಮಡಿಸಿದರು. ಒಂದು ಎಳೆ ಹೆಚ್ಚು ಮಡಿಚಿತೋ ಏನೋ. ಬಳೆ ಚಿಟ್ಟೆಂದು ಒಡೆದು ಬಿತ್ತು.

ಬಸ್ಸಿನಲ್ಲಿ ಯಾರೋ ಹೆಂಗಸು ಅಯ್ಯೋ ಅಂದಳು. ಅಕ್ಕನ ಮುಖ ಸುಣ್ಣವಾಯಿತು. ಸಮಿತಿಯ ಮುಂದೆ ನಡುಗದ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದರು. ಹುಡುಗಿ ಚಾಚಿದ ಕೈ ತೆಗೆಯಲಿಲ್ಲ.

"ಒಡೆದರೆ ಒಡೀಲಿ ಅತ್ತೆ. ಇನ್ನೊಂದು ಹಾಕಿ."

ಅಕ್ಕ ಎರಡನೆಯ ಬಳೆ ಎತ್ತಿಕೊಂಡರು. ಮೊಣಕೈ ಈ ಸಲ ಎಷ್ಟು ನಿಧಾನವಾಗಿ ಮಡಿಚಿತೆಂದರೆ ತಂತಿ ಬಿಗಿಯುವುದು ಕಣ್ಣಿಗೆ ಕಾಣುತ್ತಿತ್ತು. ಬಳೆ ಬೆರಳು ದಾಟಿತು, ಗೆಣ್ಣಿನ ಹತ್ತಿರ ಒಂದು ಕ್ಷಣ ನಿಂತಿತು, ಜಾರಿ ಮಣಿಕಟ್ಟಿಗೆ ಇಳಿಯಿತು.

ಅಷ್ಟು ಹೊತ್ತಿಗೆ ಅಣ್ಣ ರಸ್ತೆ ದಾಟಿ ಬಂದಿದ್ದರು. ಮಗಳನ್ನು ಎಳೆದುಕೊಂಡು ಹೋಗುತ್ತಾರೆ ಅಂದುಕೊಂಡು ನಾನು ಎದ್ದು ಅಡ್ಡ ನಿಂತೆ. ಅವರು ನನ್ನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಪಂಚೆ ಎತ್ತಿಕಟ್ಟಿ ಜಗುಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತರು. ತಂಗಿಯ ಬರಿಗಾಲಿನ ಸುತ್ತ ಚೆಲ್ಲಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಆಯ್ದು ತಮ್ಮ ಅಂಗೈಯಲ್ಲಿ ಹಾಕಿಕೊಳ್ಳತೊಡಗಿದರು. ಬಸ್ಸಿನವನು ಹಾರನ್ ಹೊಡೆದ. ಅವರು ಏಳಲಿಲ್ಲ.

"ಬಿಡಣ್ಣ," ಅಂದರು ಅಕ್ಕ. "ನಾನೇ ಗುಡಿಸಿಕೊಳ್ತೀನಿ."